ಏಳು ಸುತ್ತಿಗೊಂದು ಕಟಕ್: ಹಳೆಯ ಒರಗು ಸೈಕಲ್‌ನ ದೋಷ ಹುಡುಕುವ ಬಗೆ

ದೋಷ ಹೀಗಿತ್ತು. ಸಮತಟ್ಟು ರಸ್ತೆಯಲ್ಲಿ ಏನೂ ಇಲ್ಲ. ಏರು ಬಂದು ಪೆಡಲ್ ಮೇಲೆ ಭಾರ ಬಿದ್ದ ಕೂಡಲೇ ‘ಕಟಕ್’ ಅಂತ ಸದ್ದು. ಕಾಲು ಒಂದು ಕ್ಷಣ ಮುಂದಕ್ಕೆ ಜಾರಿ ಮತ್ತೆ ಹಿಡಿತಕ್ಕೆ ಬರುತ್ತಿತ್ತು. ಅದಲ್ಲದೆ ಪ್ರತಿ ತುಳಿತಕ್ಕೂ ಬೆನ್ನಿನ ಹಿಂದೆಲ್ಲೋ ಸಣ್ಣಗೆ ‘ಕಿರ್’ ಅನ್ನುವ ಇನ್ನೊಂದು ಸದ್ದು.

ಸೈಕಲ್ 1990ರ ಆಸುಪಾಸಿನ ರಿಕಂಬೆಂಟ್. ಅಂದರೆ ಕುರ್ಚಿಯಲ್ಲಿ ಒರಗಿದ ಹಾಗೆ ಕೂತು, ಕಾಲು ಮುಂದಕ್ಕೆ ಚಾಚಿ ತುಳಿಯುವ ಸೈಕಲ್. ಉಕ್ಕಿನ ಉದ್ದ ಫ್ರೇಮ್, ಹಿಂದೆ 26 ಇಂಚಿನ ಗಾಲಿ, ಮುಂದೆ 20 ಇಂಚಿನದು. ಹ್ಯಾಂಡಲ್ ಇರುವುದು ಸೀಟಿನ ಅಡಿಯಲ್ಲಿ. ಇಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ, ಒಬ್ಬರು ಮನೆ ಖಾಲಿ ಮಾಡುವಾಗ ಗ್ಯಾರೇಜ್ ಸಾಮಾನಿನ ಜೊತೆ ಮಾರುತ್ತಿದ್ದರು. ಹತ್ತು ವರ್ಷ ಗೋಡೆಗೆ ಒರಗಿ ನಿಂತಿದ್ದ ಸೈಕಲ್ ಅದು. ತಿಪಟೂರಿನ ಸೈಕಲ್ ಶಾಪಿನಲ್ಲಿ ಅಪ್ಪನ ಪಕ್ಕ ಕೂತು ಬೆಳೆದವನು ನಾನು. ಬಿಟ್ಟು ಬರಲು ಮನಸ್ಸಾಗಲಿಲ್ಲ.

ನಮ್ಮೂರ ಕಡೆಯ ಕಪ್ಪು ಸೈಕಲ್ ಕೆಟ್ಟರೆ ಎಲ್ಲಿ ನೋಡಬೇಕು ಅಂತ ಕೈಗೆ ಗೊತ್ತಿರುತ್ತದೆ. ಒಂದನ್ನು ಕಲಿತರೆ ಸಾವಿರ ಸೈಕಲ್ ರಿಪೇರಿ ಮಾಡಬಹುದು. ಒರಗು ಸೈಕಲ್ ಹಾಗಲ್ಲ. ಅದಕ್ಕೊಂದು ಕಾರಣ ಇದೆ. 1933ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸಿಸ್ ಫೋರ್ ಎಂಬಾತ ಚಾರ್ಲ್ಸ್ ಮೋಶೆ ಕಟ್ಟಿದ ಒರಗು ಸೈಕಲ್ ತುಳಿದು, ಒಂದು ಗಂಟೆಯಲ್ಲಿ 45.055 ಕಿ.ಮೀ. ಹೋದ. ಮಾಮೂಲಿ ಸೈಕಲ್ಲಿನ ದಾಖಲೆ ಮುರಿಯಿತು. ಮರುವರ್ಷ, 1934ರಲ್ಲಿ, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಈ ಬಗೆಯ ಸೈಕಲ್ಲನ್ನು ರೇಸಿನಿಂದಲೇ ಹೊರಗಿಟ್ಟಿತು. ಆಮೇಲೆ ದೊಡ್ಡ ಕಂಪನಿಗಳು ಇದರ ಕಡೆ ಅಷ್ಟಾಗಿ ತಿರುಗಿ ನೋಡಲಿಲ್ಲ. ಅಮೆರಿಕದಲ್ಲಿ 1970ರ ದಶಕದ ನಂತರ ಇದಕ್ಕೆ ಮತ್ತೆ ಜೀವ ಕೊಟ್ಟವರು ಬಹುಪಾಲು ಸಣ್ಣ ವರ್ಕ್‌ಶಾಪಿನವರು. ಎಂಐಟಿ ವಿಶ್ವವಿದ್ಯಾಲಯದ ಪ್ರೊಫೆಸರ್ ಡೇವಿಡ್ ಗಾರ್ಡನ್ ವಿಲ್ಸನ್ ಒಬ್ಬರು. ಕ್ಯಾಲಿಫೋರ್ನಿಯಾದ ಗಾರ್ಡನರ್ ಮಾರ್ಟಿನ್ ಇನ್ನೊಬ್ಬರು. ಮಾರ್ಟಿನ್ ಕಟ್ಟಿದ ‘ಗೋಲ್ಡ್ ರಷ್’ ಮೇಲೆ 1986ರಲ್ಲಿ ಫ್ರೆಡ್ಡಿ ಮಾರ್ಕಮ್ ಗಂಟೆಗೆ 105 ಕಿ.ಮೀ. ವೇಗ ಮುಟ್ಟಿದ. ನನಗೆ ಈ ಕತೆ ತುಂಬಾ ಇಷ್ಟ. ಆದರೆ ರಿಪೇರಿ ಮಾಡುವವನಿಗೆ ಇದರ ಅರ್ಥ ಬೇರೆ. ಒಂದರ ಹಾಗೆ ಇನ್ನೊಂದಿಲ್ಲ. ಬಿಡಿಭಾಗ ಸಿಗದಾಗ ಮಾಲೀಕರೇ ಏನೋ ಒಂದು ಜೋಡಿಸಿಕೊಂಡಿರುತ್ತಾರೆ. ಹಾಗಾಗಿ ಹಳೆಯ ಒರಗು ಸೈಕಲ್‌ನಲ್ಲಿ ನನ್ನ ಮೊದಲ ಅನುಮಾನ, ಕಟ್ಟಿದ ಮೇಲೆ ಯಾರೋ ಬದಲಿಸಿದ ಭಾಗದ ಮೇಲೆ.

ಅದನ್ನು ಗುರುತಿಸುವುದು ಕಷ್ಟವಲ್ಲ. ಒಂದೇ ಜಾಗದಲ್ಲಿ ಎರಡು ಬಗೆಯ ಬೋಲ್ಟ್ ತಲೆ, ಒಂದೇ ಕಡೆ ಹೊಸ ಬಣ್ಣ, ಸುತ್ತಿದ ಟೇಪು, ಪ್ಲಾಸ್ಟಿಕ್ ಟೈ, ಎರಡು ಬಣ್ಣದ ಚೈನ್. ಇಂಥದ್ದೆಲ್ಲ ಕಂಡಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ನನ್ನ ಸೈಕಲ್‌ನಲ್ಲಿ ಐದು ಗುರುತು ಬಿದ್ದವು.

ಮೊದಲು ಬಿರುಕು

ಸದ್ದಿನ ವಿಷಯ ಆಮೇಲೆ. ಮೊದಲು ಫ್ರೇಮ್ ಒರೆಸಿ, ಟಾರ್ಚ್ ಹಿಡಿದು ಪ್ರತಿ ವೆಲ್ಡಿಂಗ್ ನೋಡಿ. ಉದ್ದ ಫ್ರೇಮ್ ಹೊಂಡ ಬಿದ್ದಾಗಲೆಲ್ಲ ಬಿಲ್ಲಿನ ಹಾಗೆ ಬಾಗುತ್ತದೆ. ಆ ಬಾಗು ಹೆಚ್ಚಾಗಿ ಬೀಳುವುದು ಫೋರ್ಕಿನ ಕೊಳವೆಯ ಹಿಂದೆ, ಸೀಟಿನ ಕಂಬಿಗಳು ಕೂರುವಲ್ಲಿ ಮತ್ತು ಆಮೇಲೆ ವೆಲ್ಡ್ ಮಾಡಿಸಿದ ಯಾವುದೇ ಬ್ರ್ಯಾಕೆಟ್ ಸುತ್ತ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ, ಅದರೊಳಗಿಂದ ತುಕ್ಕಿನ ಕೆಂಪು ಇಳಿದಿದ್ದರೆ ನಿಲ್ಲಿಸಿ. ಹತ್ತಿ ಉಂಡೆಯಿಂದ ಮೆಲ್ಲಗೆ ಸವರಿ. ಎಳೆ ಸಿಕ್ಕಿಕೊಂಡರೆ ಅದು ಬರೀ ಬಣ್ಣದ ಗೆರೆ ಅಲ್ಲ.

ಉಕ್ಕಾದರೆ ಒಳ್ಳೆಯ ವೆಲ್ಡರ್ ಸರಿ ಮಾಡಬಲ್ಲರು. ಅಲ್ಯೂಮಿನಿಯಂ ಫ್ರೇಮಿನಲ್ಲಿ ಬಿರುಕು ಕಂಡರೆ ದಯವಿಟ್ಟು ತುಳಿಯಬೇಡಿ. ಮನೆಯಲ್ಲಿ ವೆಲ್ಡ್ ಮಾಡಲೂ ಹೋಗಬೇಡಿ. ಆ ಬಿಸಿಗೆ ಸುತ್ತಲಿನ ಲೋಹದ ಗಟ್ಟಿತನವೇ ಹೋಗಿಬಿಡುತ್ತದೆ.

ಬಿಚ್ಚಬೇಡಿ, ಎಣಿಸಿ

ಈ ಸೈಕಲ್ಲಿನ ದೊಡ್ಡ ತೊಂದರೆ ಅಂದರೆ, ಸದ್ದು ಹುಟ್ಟಿದ ಜಾಗ ಒಂದು, ಕೇಳುವ ಜಾಗ ಇನ್ನೊಂದು. ಫ್ರೇಮಿನ ಕೊಳವೆ ಉದ್ದ, ಸೀಟಿನ ಕಂಬಿಗಳೂ ಟೊಳ್ಳು. ಪೆಡಲ್ ಹತ್ತಿರ ಹುಟ್ಟಿದ ಕಿರಿಕಿರಿ ಬೆನ್ನಿನ ಹಿಂದೆ ಕೇಳಿಸುತ್ತದೆ. ಕಿವಿ ನಂಬಿ ಬಿಚ್ಚುತ್ತಾ ಹೋದರೆ ಮೂರು ವಾರ ಹೋಗುತ್ತದೆ. ಅದಕ್ಕೇ ಸದ್ದು ಎಲ್ಲಿ ಅಂತ ಕೇಳುವ ಮುಂಚೆ, ಎಷ್ಟು ಹೊತ್ತಿಗೊಮ್ಮೆ ಅಂತ ಕೇಳಬೇಕು.

ಖಾಲಿ ರಸ್ತೆಯಲ್ಲಿ ಒಂದೇ ಗೇರಿನಲ್ಲಿ ನಿಧಾನಕ್ಕೆ ತುಳಿಯುತ್ತಾ, ಬಲಗಾಲು ಮುಂದೆ ಬಂದಾಗಲೆಲ್ಲ ಒಂದು, ಎರಡು ಅಂತ ಎಣಿಸಿ. ಪ್ರತಿ ಸುತ್ತಿಗೆ ಒಮ್ಮೆ ಸದ್ದಾದರೆ ಅನುಮಾನ ಪೆಡಲ್, ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಚೈನ್‌ವೀಲ್ ಮೇಲೆ. ಪ್ರತಿ ಸುತ್ತಿಗೆ ಎರಡು ಸಲ, ಅಂದರೆ ಎಡಗಾಲಿಗೊಂದು ಬಲಗಾಲಿಗೊಂದು ಆದರೆ, ಚೈನಿನ ಎಳೆತಕ್ಕೆ ಏನೋ ಅಲುಗುತ್ತಿದೆ: ಬಿಬಿ ಆಕ್ಸಲ್ (ಎರಡೂ ಕ್ರ್ಯಾಂಕ್ ಕೂಡುವ ಅಚ್ಚು), ಐಡ್ಲರ್ (ಸೀಟಿನ ಅಡಿಯಲ್ಲಿ ಚೈನಿನ ದಾರಿ ಬಗ್ಗಿಸುವ ಪುಟ್ಟ ಗಾಲಿ) ಅಥವಾ ಸೀಟು. ಗೇರ್ ಬದಲಿಸಿದಾಗ ಪೆಡಲಿನ ಲೆಕ್ಕ ತಪ್ಪಿ ಗಾಲಿಯ ಲೆಕ್ಕಕ್ಕೆ ಸದ್ದು ಹೊಂದಿಕೊಂಡರೆ ಹಿಂದಿನ ಗಾಲಿ ನೋಡಿ. ತುಳಿಯುವುದನ್ನು ನಿಲ್ಲಿಸಿದರೂ ಸದ್ದು ಬರುತ್ತಿದ್ದರೆ ಚೈನಿನ ಸಹವಾಸವೇ ಬೇಡ. ಗಾಲಿ, ಸ್ಪೋಕ್, ಟೈರ್, ಮಡ್‌ಗಾರ್ಡ್ ಕಡೆ ಹೋಗಿ.

ನನ್ನ ‘ಕಟಕ್’ ಬರುತ್ತಿದ್ದುದು ಏಳು ಸುತ್ತಿಗೆ ಒಮ್ಮೆ. ಎರಡು ಸಲ ಎಣಿಸಿದೆ, ಏಳೇ.

ಮನೆಗೆ ಬಂದು ಚೈನಿನ ಲಿಂಕ್ ಎಣಿಸಿದೆ. 294. ಮುಂದಿನ ಚೈನ್‌ವೀಲಿನ ಹಲ್ಲು 42. ಪೆಡಲ್ ಒಂದು ಸುತ್ತು ಬಂದರೆ ಚೈನ್ 42 ಲಿಂಕ್ ಮುಂದೆ ಹೋಗುತ್ತದೆ. 294ನ್ನು 42ರಿಂದ ಭಾಗಿಸಿದರೆ 7. ಅಂದರೆ ಇಡೀ ಚೈನಿನಲ್ಲಿ ಒಂದು ಕಡೆ ಮಾತ್ರ ದೋಷ ಇದೆ, ಅದು ಒಂದೇ ಜಾಗವನ್ನು ಏಳು ಸುತ್ತಿಗೊಮ್ಮೆ ದಾಟುತ್ತಿದೆ. ಒಂದು ಸ್ಪ್ಯಾನರ್ ಕೂಡ ಮುಟ್ಟದೆ ಇಷ್ಟು ಗೊತ್ತಾಯಿತು. ಆ ದಿನದ ಖುಷಿಯನ್ನು ಹೇಗೆ ಹೇಳಲಿ!

ಮಾಮೂಲಿ ಸೈಕಲ್‌ನಲ್ಲಿ ಈ ಲೆಕ್ಕ ಇಷ್ಟು ಸಲೀಸಾಗಿ ಕಾಣುವುದಿಲ್ಲ. ಅಲ್ಲಿ ಚೈನ್ 114 ಲಿಂಕಿನ ಹತ್ತಿರ ಇರುತ್ತದೆ, ಮೂರು ಸುತ್ತಿಗೂ ಮುಂಚೆ ಒಮ್ಮೆ ತಿರುಗಿಬಿಡುತ್ತದೆ. ಒರಗು ಸೈಕಲ್‌ನ ಉದ್ದ ಚೈನ್ ಇಲ್ಲಿ ನಮಗೆ ಸಹಾಯವೇ ಮಾಡುತ್ತದೆ.

ಚೈನ್

ಹಿಂದಿನ ಗಾಲಿ ಎತ್ತಿ, ಪೆಡಲ್ಲನ್ನು ಕೈಯಿಂದ ಹಿಮ್ಮುಖವಾಗಿ ನಿಧಾನಕ್ಕೆ ತಿರುಗಿಸಿ. ಕಣ್ಣು ಹಿಂದಿನ ಡಿರೈಲರ್ ಮೇಲಿರಲಿ, ಅಂದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗದ ಮೇಲೆ. ಬಿಗಿದ ಲಿಂಕ್ ಅದರ ಪುಟ್ಟ ಗಾಲಿಗಳ ನಡುವೆ ಹಾಯುವಾಗ ಇಡೀ ಡಿರೈಲರ್ ಒಮ್ಮೆ ಬೆಚ್ಚಿದ ಹಾಗೆ ಅಲುಗುತ್ತದೆ. ಅಲ್ಲೇ ನಿಲ್ಲಿಸಿ ಸೀಮೆಸುಣ್ಣ ಹಚ್ಚಿ.

ನನ್ನ ಚೈನಿನಲ್ಲಿ ಅದು ಸಿಕ್ಕಿದ್ದು ಎರಡು ತುಂಡು ಸೇರಿದ ಜಾಗದಲ್ಲಿ. ಇಷ್ಟುದ್ದದ ಚೈನ್ ಒಂದೇ ಡಬ್ಬಿಯಲ್ಲಿ ಬರುವುದಿಲ್ಲ, ಎರಡು ಮೂರು ಸೇರಿಸಲೇಬೇಕು. ಹಿಂದಿನವರು ಹಳೆಯ ಪಿನ್ನನ್ನೇ ಮತ್ತೆ ಒಳಗೆ ಒತ್ತಿದ್ದರು. ಪಿನ್ ಒಂದು ಕಡೆ ಜಾಸ್ತಿ ಹೋಗಿತ್ತು, ಲಿಂಕ್ ಬಗ್ಗುತ್ತಿರಲಿಲ್ಲ. ತಾತ್ಕಾಲಿಕವಾಗಿ ಎರಡೂ ಹೆಬ್ಬೆರಳಿನಿಂದ ಅಡ್ಡಡ್ಡ ಬಗ್ಗಿಸಿದರೆ ಸಡಿಲವಾಗುತ್ತದೆ. ಆದರೆ ಒಮ್ಮೆ ಹೊರಬಂದ ಪಿನ್ ಮೊದಲಿನ ಹಾಗೆ ಕಚ್ಚಿಕೊಳ್ಳುವುದಿಲ್ಲ. ಕೈಯಲ್ಲೇ ಹಾಕಿ ತೆಗೆಯುವ ಕ್ವಿಕ್ ಲಿಂಕ್ ಬಳಸಿ. ಅದು ನಿಮ್ಮ ಚೈನಿನ ಅಗಲಕ್ಕೆ ಹೊಂದಬೇಕು. 7-8 ಗೇರಿನ ಚೈನಿಗೆ 7-8ರದ್ದೇ.

ಇಲ್ಲಿಗೇ ನಿಲ್ಲಿಸಬೇಡಿ. ಸವೆತ ಅಳೆಯಿರಿ. ಚೈನಿನ ಪಿನ್ನಿಂದ ಪಿನ್ನಿಗೆ 12.7 ಮಿ.ಮೀ. ಅಂದರೆ 24 ಪಿನ್ ದೂರಕ್ಕೆ 304.8 ಮಿ.ಮೀ., ಸರಿಯಾಗಿ ಒಂದಡಿ. 306.4 ಆಗಿದ್ದರೆ ಅರ್ಧ ಶೇಕಡಾ ಸವೆದಿದೆ, ಬದಲಿಸಿ. 307.8 ದಾಟಿದ್ದರೆ ಹಿಂದಿನ ಹಲ್ಲುಗಳನ್ನೂ ತಿಂದಿರುತ್ತದೆ. ಒರಗು ಸೈಕಲ್‌ನಲ್ಲಿ ಒಂದೇ ಕಡೆ ಅಳೆದು ಸುಮ್ನಾಗಬೇಡಿ, ಪ್ರತಿ ತುಂಡನ್ನೂ ಬೇರೆ ಬೇರೆ ಅಳೆಯಿರಿ. ನನ್ನದರಲ್ಲಿ ಮೂರು ತುಂಡಿಗೆ ಮೂರು ವಯಸ್ಸು. ಒಂದು 305, ಇನ್ನೊಂದು 305.5, ಮೂರನೆಯದು 307.5. ಇಂಥ ಚೈನ್ ಯಾವ ಹಲ್ಲಿಗೂ ಸರಿಯಾಗಿ ಕೂರುವುದಿಲ್ಲ. ಮೂರೂ ಒಟ್ಟಿಗೆ ಹೊಸದು ಹಾಕಿ, ಒಂದೇ ಮಾಡೆಲ್. ಖರ್ಚು ಅನಿಸಬಹುದು. ಆದರೆ ಚೈನ್ ಇಷ್ಟುದ್ದ ಇದ್ದಾಗ ಪ್ರತಿ ಲಿಂಕ್ ಹಲ್ಲಿನ ಮೇಲೆ ಬಗ್ಗುವ ಸರದಿ ಕಡಿಮೆ. ಹಾಗಾಗಿ ಬಾಳಿಕೆ ಎರಡರಿಂದ ಎರಡೂವರೆ ಪಟ್ಟು ಬರುತ್ತದೆ.

ಹೊಸ ಚೈನ್ ಹಾಕಿದ ಮೇಲೂ ಒಂದೆರಡು ಗೇರಿನಲ್ಲಿ ಮಾತ್ರ ಜಾರಿದರೆ, ಆ ಹಲ್ಲುಗಳು ಸವೆದಿವೆ. ಹಿಂದಿನ ಮಾಲೀಕರು ಯಾವ ಗೇರಿನಲ್ಲಿ ಜಾಸ್ತಿ ಓಡಿಸಿದ್ದರೋ ಅದೇ ಗೇರ್. ಎಲ್ಲ ಗೇರಿನಲ್ಲೂ ಜಾರಿದರೆ ಮುಂದೆ ಓದಿ.

ಚೈನ್ ಜಾರಿತೋ, ಫ್ರೀವೀಲ್ ಬಿಟ್ಟಿತೋ?

ಎರಡೂ ಕಾಲಿಗೆ ಒಂದೇ ಥರ ಅನಿಸುತ್ತವೆ. ಬೇರೆ ಮಾಡುವುದು ಸುಲಭ. ಹಿಂದಿನ ಒಂದು ಹಲ್ಲಿಗೂ ಅದರ ಮೇಲೆ ಕೂತ ಲಿಂಕಿಗೂ ಬಣ್ಣದ ಚುಕ್ಕಿ ಇಡಿ. ಹಿಂದಿನ ಬ್ರೇಕ್ ಹಿಡಿದು, ಪೆಡಲ್ಲನ್ನು ಕೈಯಿಂದ ಜೋರಾಗಿ ಒತ್ತಿ. ಪೆಡಲ್ ಜಾರಿದ ಮೇಲೆ ಲಿಂಕ್ ಅದೇ ಹಲ್ಲಿನ ಮೇಲಿದ್ದರೆ ಚೈನಿನದು ತಪ್ಪಿಲ್ಲ, ಒಳಗೆ ಫ್ರೀವೀಲಿನ ನಾಯಿ (ಹಲ್ಲಿಗೆ ಕಚ್ಚಿಕೊಳ್ಳುವ ಪುಟ್ಟ ಕೊಕ್ಕೆ) ಹಿಡಿಯುತ್ತಿಲ್ಲ. ವರ್ಷಗಟ್ಟಲೆ ನಿಂತ ಸೈಕಲ್‌ನಲ್ಲಿ ಗ್ರೀಸ್ ಮೇಣದ ಹಾಗೆ ಗಟ್ಟಿಯಾಗಿ ಅದನ್ನು ಅಂಟಿಸಿಬಿಡುತ್ತದೆ. ಅಪ್ಪ ಮಾಡುತ್ತಿದ್ದುದೇ ಇಲ್ಲೂ ಮದ್ದು. ಗಾಲಿ ಮಲಗಿಸಿ, ಸೀಮೆಎಣ್ಣೆ ಹನಿಸಿ, ತಿರುಗಿಸುತ್ತಾ ಕಪ್ಪು ನೀರು ತಿಳಿಯಾಗುವ ತನಕ ತೊಳೆಯುವುದು. ಒಣಗಿದ ಮೇಲೆ ತೆಳು ಎಣ್ಣೆ ಹಾಕಿ, ಗ್ರೀಸ್ ಬೇಡ. ಆಮೇಲೂ ಬಿಟ್ಟರೆ ಹೊಸ ಫ್ರೀವೀಲ್.

ಐಡ್ಲರ್

ಚೈನ್ ಬದಲಾಯಿತು. ಕಟಕ್ ಹೋಯಿತು. ‘ಕಿರ್’ ಉಳಿಯಿತು, ಪ್ರತಿ ಸುತ್ತಿಗೆ ಎರಡು ಸಲ.

ಒರಗು ಸೈಕಲ್‌ನಲ್ಲಿ ಚೈನ್ ನೇರವಾಗಿ ಹಿಂದಕ್ಕೆ ಹೋಗಲಾರದು, ಸೀಟು ಅಡ್ಡ ಬರುತ್ತದೆ. ಅದಕ್ಕೆ ಸೀಟಿನ ಅಡಿಯಲ್ಲಿ ಒಂದು ಪುಟ್ಟ ಗಾಲಿಯಿಂದ ಚೈನಿನ ದಾರಿ ಬಗ್ಗಿಸಿರುತ್ತಾರೆ. ಅದೇ ಐಡ್ಲರ್. ಇಷ್ಟು ಸಣ್ಣ ಭಾಗದ ಮೇಲೆ ಎಷ್ಟು ಭಾರ ಬೀಳುತ್ತದೆ ಅಂತ ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯವಾಗುತ್ತದೆ. ಕ್ರ್ಯಾಂಕ್ 170 ಮಿ.ಮೀ. ಉದ್ದ. 42 ಹಲ್ಲಿನ ಚೈನ್‌ವೀಲಿನ ತ್ರಿಜ್ಯ ಸುಮಾರು 85 ಮಿ.ಮೀ., ಕ್ರ್ಯಾಂಕಿನ ಅರ್ಧ. ಪೆಡಲ್ ಮೇಲೆ 40 ಕೆ.ಜಿ. ಒತ್ತಿದರೆ ಚೈನಿನಲ್ಲಿ 80 ಕೆ.ಜಿ. ಎಳೆತ. ಐಡ್ಲರ್ ಆ ಚೈನನ್ನು 20 ಡಿಗ್ರಿ ಬಗ್ಗಿಸಿದರೂ ಸಾಕು, ಅದರ ಬೋಲ್ಟ್ ಮೇಲೆ ಸುಮಾರು 28 ಕೆ.ಜಿ. ಬೀಳುತ್ತದೆ. ಸಾಲದ್ದಕ್ಕೆ, ಮಾಮೂಲಿ ಸೈಕಲ್‌ನಲ್ಲಿ ಪೆಡಲ್ ಮೇಲೆ ಎದ್ದು ನಿಂತು ತುಳಿದರೆ ಸಿಗುವುದು ನಮ್ಮ ಮೈಭಾರ. ಇಲ್ಲಿ ಬೆನ್ನನ್ನು ಸೀಟಿಗೆ ಒತ್ತಿ ತುಳಿಯುವುದರಿಂದ ಅದಕ್ಕಿಂತ ಜಾಸ್ತಿಯೂ ಒತ್ತಬಹುದು.

ಪರೀಕ್ಷೆಗೆ ಇಬ್ಬರು ಬೇಕು. ಮುಂದಿನ ಗಾಲಿಯನ್ನು ಗೋಡೆಗೆ ತಾಗಿಸಿ, ಬ್ರೇಕ್ ಹಿಡಿದು, ಒಬ್ಬರು ಸೀಟಿನಲ್ಲಿ ಕೂತು ಪೆಡಲ್ಲನ್ನು ಒತ್ತಿ ಬಿಟ್ಟು ಮಾಡಬೇಕು. ಇನ್ನೊಬ್ಬರು ಒಂದೊಂದೇ ಕೂಡುಜಾಗದ ಮೇಲೆ ಬೆರಳಿಡುತ್ತಾ ಹೋಗಬೇಕು. ಬೆರಳು ಅರ್ಧ ಭಾಗದ ಮೇಲೆ, ಅರ್ಧ ಫ್ರೇಮಿನ ಮೇಲೆ ಇರಬೇಕು. ಚೈನಿನಿಂದ ಮಾತ್ರ ದೂರ ಇಡಿ, ಬೆರಳು ಹಲ್ಲಿಗೆ ಸಿಕ್ಕರೆ ಕಷ್ಟ. ಕಿವಿಗೆ ಗೊತ್ತಾಗದ ಅರ್ಧ ಮಿಲಿಮೀಟರ್ ಅಲುಗಾಟ ಬೆರಳಿಗೆ ಗೊತ್ತಾಗುತ್ತದೆ. ನಾನು ತುಳಿದೆ, ಮಗಳು ಬೆರಳಿಟ್ಟಳು. ಬಿಬಿ ಆಕ್ಸಲ್ ಹತ್ತಿರ ಇಲ್ಲ ಅಂದಳು, ಸೀಟಿನ ಕಂಬಿ ಹತ್ತಿರವೂ ಇಲ್ಲ. ಆಮೇಲೆ, “ಅಪ್ಪಾ, ಇಲ್ಲಿ ನೋಡು, ಈ ಬೋಲ್ಟ್ ಉಸಿರಾಡ್ತಿದೆ” ಅಂದಳು.

ಬಿಚ್ಚಿದೆ. ಒಳಗಿದ್ದುದು 608 ಬೇರಿಂಗ್, ಸ್ಕೇಟಿಂಗ್ ಗಾಲಿಯಲ್ಲಿ ಇರುತ್ತಲ್ಲ, ಅದೇ. ಹೊರ ಅಳತೆ 22 ಮಿ.ಮೀ., ಒಳ ತೂತು 8 ಮಿ.ಮೀ. ಅದರೊಳಗೆ ಹಿಂದಿನವರು ಹಾಕಿದ್ದುದು 6 ಮಿ.ಮೀ. ಬೋಲ್ಟ್. ಸಂದು ತುಂಬಲು ತಗಡಿನ ಪಟ್ಟಿ ಸುತ್ತಿದ್ದರು. ತಗಡು ಸವೆದು, ಪ್ರತಿ ಎಳೆತಕ್ಕೂ ಗಾಲಿ ವಾಲುತ್ತಿತ್ತು. 8 ಮಿ.ಮೀ.ನ ಗಟ್ಟಿ ಉಕ್ಕಿನ ಬೋಲ್ಟ್ ಹಾಕಲು ಬ್ರ್ಯಾಕೆಟ್ಟಿನ ತೂತು ದೊಡ್ಡದು ಮಾಡಬೇಕಿತ್ತು, ಆದರೆ ಸುತ್ತ ಅಷ್ಟು ಲೋಹ ಇರಲಿಲ್ಲ. ಅದಕ್ಕೆ ಹೊರಗೆ 8, ಒಳಗೆ 6 ಇರುವ ಉಕ್ಕಿನ ಬುಷ್ ಲೇತ್‌ನಲ್ಲಿ ಮಾಡಿಸಿ, ಬೋಲ್ಟನ್ನೂ ಗಟ್ಟಿ ಉಕ್ಕಿನದಕ್ಕೆ ಬದಲಿಸಿದೆ. ಕಿರ್ ಅನ್ನುವುದು ಅವತ್ತಿಗೆ ನಿಂತಿತು.

ಐಡ್ಲರ್ ಪಕ್ಕದಲ್ಲೇ ಚೈನಿಗೆ ಪ್ಲಾಸ್ಟಿಕ್ ಕೊಳವೆ ಇದ್ದರೆ ಅದನ್ನೂ ನೋಡಿ. ಕೊಳವೆ ಮುಂದಕ್ಕೆ ಸರಿದು ಹಲ್ಲಿಗೆ ತಾಗಿದರೆ ಟಿಕ್ ಟಿಕ್ ಅನ್ನುತ್ತದೆ. ಅದರ ಬಾಯಿ ಚೂಪಾಗಿದ್ದರೆ ಚೈನ್ ಅದನ್ನು ಕೆರೆಯುತ್ತದೆ. ಬಿಸಿಗಾಳಿಯಲ್ಲಿ ಮೆತ್ತಗೆ ಮಾಡಿ, ಬಾಯಿಯನ್ನು ತುತ್ತೂರಿಯ ಹಾಗೆ ಅಗಲಿಸಬಹುದು. ಕೊಳವೆ ಟೆಫ್ಲಾನ್ ಆಗಿದ್ದರೆ ಬೆಂಕಿ ತೋರಿಸಲೇಬೇಡಿ, ಜಾಸ್ತಿ ಕಾದರೆ ಅದರ ಹೊಗೆ ವಿಷ.

ಹ್ಯಾಂಡಲ್ ನಡುಗಿದರೆ

ಸೀಟಿನ ಅಡಿಯ ಹ್ಯಾಂಡಲ್ಲಿನಿಂದ ಫೋರ್ಕಿಗೆ ಒಂದು ಉದ್ದ ಕಡ್ಡಿ ಹೋಗುತ್ತದೆ, ಅದರ ಎರಡೂ ತುದಿಗೆ ಗುಂಡಿನ ಕೀಲು. ಗಾಲಿಯನ್ನು ಮೊಣಕಾಲ ನಡುವೆ ಹಿಡಿದು ಹ್ಯಾಂಡಲ್ ಅಲುಗಿಸಿ. ಕಡ್ಡಿಯ ತುದಿಯಲ್ಲಿ ಸಂದು ಕಂಡರೆ ಕೀಲು ಬದಲಿಸಿ. ಹೊಸದನ್ನು ತಿರುಪುವಾಗ ಸಾಕಷ್ಟು ಮರೆ (ತಿರುಪಿನ ಗೆರೆ) ಒಳಗಿರಬೇಕು: 6 ಮಿ.ಮೀ. ಕೀಲಿಗೆ ಕನಿಷ್ಠ 9 ಮಿ.ಮೀ. ಮೇಲೆ ಲಾಕ್ ನಟ್ ಬಿಗಿಯಾಗಿರಲಿ. ಈ ಕಡ್ಡಿ ಕಳಚಿದರೆ ಹ್ಯಾಂಡಲ್ ಕೈಯಲ್ಲಿ ಇರುತ್ತದೆ, ಸೈಕಲ್ ಮಾತ್ರ ನಿಮ್ಮ ಮಾತು ಕೇಳುವುದಿಲ್ಲ. ಅನುಮಾನ ಇದ್ದರೆ ಹೊಸದೇ ಹಾಕಿ.

ಕೀಲು ಸರಿ ಇದ್ದೂ ನಡುಕ ಇದ್ದರೆ ಫೋರ್ಕಿನ ಬಾಲ್ಸ್ ನೋಡಿ. ಮುಂದಿನ ಗಾಲಿ ಎತ್ತಿ ಮೆಲ್ಲಗೆ ಎಡ ಬಲ ತಿರುಗಿಸಿ. ನೇರವಾದಾಗ ಗುಳಿಗೆ ಬಿದ್ದ ಹಾಗೆ ಕಚ್ಚಿದರೆ ಕಪ್‌ನಲ್ಲಿ ಬಾಲ್ಸ್ ಗುಳಿ ಮಾಡಿವೆ. ಬಿಗಿ ಮಾಡಿ ಪ್ರಯೋಜನ ಇಲ್ಲ, ಕಪ್ಪೇ ಬದಲಾಗಬೇಕು.

ಮುಂದಿನ ಗಾಲಿಯ ಅಳತೆ ಬದಲಿಸಿದ್ದಾರಾ ಅಂತಲೂ ವಿಚಾರಿಸಿ. 16 ಇಂಚಿನ ಜಾಗಕ್ಕೆ 20 ಇಂಚಿನದು ಹಾಕುವುದು ತುಂಬಾ ಜನ ಮಾಡುವ ಮಾರ್ಪಾಡು. 349ರ ರಿಮ್ ತೆಗೆದು 406 ಹಾಕಿದರೆ (ಈ ಅಂಕಿಗಳು ರಿಮ್‌ನಲ್ಲಿ ಟೈರ್ ಕೂರುವ ಜಾಗದ ಅಡ್ಡಳತೆ, ಮಿ.ಮೀ.ನಲ್ಲಿ) ಆಕ್ಸಲ್ 28.5 ಮಿ.ಮೀ. ಮೇಲೇರುತ್ತದೆ. 165 ಸೆಂ.ಮೀ. ಉದ್ದದ ಸೈಕಲ್‌ನಲ್ಲಿ ಫೋರ್ಕ್ ಹೆಚ್ಚುಕಡಿಮೆ ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. ನಿಧಾನಕ್ಕೆ ಹೋಗುವಾಗ ಹ್ಯಾಂಡಲ್ ತಾನಾಗಿ ಒಂದು ಕಡೆ ಬೀಳಲು ಇದೇ ಕಾರಣ ಇರಬಹುದು. ಅದು ಸವೆತ ಅಲ್ಲ. ಯಾವ ಬೇರಿಂಗ್ ಬದಲಿಸಿದರೂ ಹೋಗುವುದಿಲ್ಲ.

ಟೈರ್ ಕೊಳ್ಳುವಾಗ ಇಂಚು ನಂಬಬೇಡಿ. 20 ಇಂಚು ಅಂತ ಬರೆದ ಟೈರುಗಳಲ್ಲಿ ಮುಖ್ಯವಾಗಿ ಎರಡು ಜಾತಿ ಇವೆ. 20×1.75 ಅಂದರೆ 406, ಬಿಎಂಎಕ್ಸ್ ಸೈಕಲ್ಲಿನದು. 20×1 3/8 ಅಂದರೆ 451. ಒಂದು ಇನ್ನೊಂದಕ್ಕೆ ಕೂರುವುದಿಲ್ಲ. 16 ಇಂಚಿನಲ್ಲೂ ಹೀಗೇ 305 ಮತ್ತು 349 ಇವೆ. ಟೈರಿನ ಪಕ್ಕದಲ್ಲಿ ಅಚ್ಚಾದ ಮೂರಂಕಿ ಓದಿ.

ಬ್ರೇಕ್ ಮೆತ್ತಗಿದ್ದರೆ

ಲಿವರ್ ಹಿಡಿದಾಗ ಕೇಬಲ್ಲಿನ ಹೊರಕವಚ ಉಬ್ಬಿ ನೆಟ್ಟಗಾದರೆ, ನಿಮ್ಮ ಬಲ ರಿಮ್ ತಲುಪುವ ಮುಂಚೆ ಅಲ್ಲೇ ಕರಗುತ್ತಿದೆ. ಕವಚ ಹೊಸದು ಮಾಡಿ, ತಿರುವು ಕಡಿಮೆ ಮಾಡಿ. ಒಳತಂತಿ ಚಿಕ್ಕದಾದರೆ ಟ್ಯಾಂಡೆಮ್ (ಇಬ್ಬರು ತುಳಿಯುವ) ಸೈಕಲ್‌ಗೆ ಮಾರುವ ಉದ್ದ ತಂತಿ ತನ್ನಿ. ಗೇರಿನ ಕವಚವನ್ನು ಬ್ರೇಕಿಗೆ ಯಾವತ್ತೂ ಹಾಕಬೇಡಿ. ಅದರೊಳಗಿನ ತಂತಿಗಳು ಉದ್ದಕ್ಕೆ ಇರುತ್ತವೆ, ಜೋರಾಗಿ ಹಿಡಿದಾಗ ಸೀಳಿ ಹೊರಬರಬಹುದು. ನನ್ನ ಸೈಕಲ್‌ನಲ್ಲಿ ಹಿಂದಿನ ಬ್ರೇಕಿಗೆ ಇದ್ದದ್ದು ಅದೇ ಕವಚ. ಸೀಮೆಸುಣ್ಣದ ಐದನೇ ಗುರುತು ಅಲ್ಲಿ ಬಿದ್ದಿತ್ತು.

ನೀವೇ ಮಾರ್ಪಾಡು ಮಾಡುವಾಗ

ಪೆಡಲ್ ಇರುವ ಮುಂಗೊಳವೆಯನ್ನು ಎಳೆದು ಉದ್ದ ಮಾಡುವ ಸೈಕಲ್ ಆದರೆ ಚೈನಿನ ಲೆಕ್ಕ ಮರೆಯಬೇಡಿ. ಕೊಳವೆ 25 ಮಿ.ಮೀ. ಮುಂದೆ ಹೋದರೆ ಚೈನ್ ಮೇಲೂ ಕೆಳಗೂ ಸೇರಿ 50 ಮಿ.ಮೀ., ಅಂದರೆ 4 ಲಿಂಕ್ ಜಾಸ್ತಿ ಬೇಕು. ಲಿಂಕ್ ಸೇರಿಸದೆ ದೊಡ್ಡ ಗೇರಿಗೆ ಹಾಕಿದರೆ ಡಿರೈಲರ್ ಎಳೆದು ಮುರಿಯುತ್ತದೆ. ಸೀಟನ್ನು ಹಿಂದೆ ಮುಂದೆ ಸರಿಸುವ ಸೈಕಲ್‌ನಲ್ಲಿ ಈ ತಾಪತ್ರಯ ಇಲ್ಲ. ಆದರೆ ಸೀಟಿನ ಬೋಲ್ಟ್ ಮೊದಲ 50 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ.

ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದು. ಇದರಲ್ಲಿ ನಾನು ತುಂಬಾ ಹಟ ಮಾಡುತ್ತೇನೆ. ಚೈನ್ ಮತ್ತು ಐಡ್ಲರ್ ಒಂದೇ ದಿನ ಬದಲಿಸಿದ್ದರೆ ಯಾವ ಸದ್ದು ಯಾವುದರದ್ದು ಅಂತ ನನಗೆ ಇವತ್ತಿಗೂ ತಿಳಿಯುತ್ತಿರಲಿಲ್ಲ.

ಕೊನೆಗೆ ಒಂದು ಚೀಟಿ ಬರೆದು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಸೀಟಿನ ಅಡಿಯ ಕಂಬಿಗೆ ಅಂಟಿಸಿದ್ದೇನೆ. ಈ ಸೈಕಲ್ ಮುಂದೆ ಯಾರ ಕೈಗೆ ಹೋದರೂ ಓದಿಕೊಳ್ಳಲಿ ಅಂತ. ಅದರಲ್ಲಿ ಹೀಗಿದೆ: “ಚೈನ್ 294 ಲಿಂಕ್, ಮೂರು ಕ್ವಿಕ್ ಲಿಂಕ್. ಚೈನ್‌ವೀಲ್ 42. ಮುಂದಿನ ಟೈರ್ 406, ಹಿಂದಿನದು 559. ಐಡ್ಲರ್ ಬೇರಿಂಗ್ 608, ಒಳಗೆ ಮಾಡಿಸಿ ಹಾಕಿದ ಬುಷ್ ಇದೆ, ಬಿಚ್ಚಿದರೆ ಕಳೆಯಬೇಡಿ.”